ಕೆಂದೂಳಿನ ಊರಲ್ಲಿ ಹಸಿರು ಕಸಬರಿಗೆ

ಬಳ್ಳಾರಿಯ ಯಾವುದೇ ಮನೆಯ ಕಿಟಕಿ ಸರಳಿನ ಮೇಲೆ ಬೆರಳಾಡಿಸಿ ನೋಡಿ. ತುದಿಗೆ ಹತ್ತುವುದರಲ್ಲಿ ರಸ್ತೆಯ ಮಣ್ಣಿದೆ, ಅದಿರಿನ ಕೆಂಪಿದೆ, ಲಾರಿಯ ಹೊಗೆಯಿದೆ. ಸ್ಪಾಂಜ್ ಐರನ್ ಕಾರ್ಖಾನೆಗಳ ಆಸುಪಾಸಿನಲ್ಲಾದರೆ ಕರಿ ಮಸಿಯೂ ಇದೆ. ಇದರ ಮೇಲೆ ನೇರವಾಗಿ ಒದ್ದೆ ಬಟ್ಟೆ ಎಳೆದಿರೋ, ಕೆಲಸ ಕೆಟ್ಟಿತು. ಧೂಳು ಕೆಸರಾಗಿ ಟೈಲ್ಸ್ ಸಂದಿಗಿಳಿದು ಕೆಂಪು ಗೆರೆಯಾಗಿ ಕೂರುತ್ತದೆ. ಅದನ್ನು ತೆಗೆಯಲೆಂದು ಬ್ಲೀಚಿಂಗ್ ನೀರು ಸುರಿಯುವವರೇ ಹೆಚ್ಚು. ಕಬ್ಬಿಣದ ಕಲೆಗೆ ಬ್ಲೀಚಿಂಗ್ ತಾಗಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಅದಕ್ಕೆ ಬೇಕಾದ್ದು ನಿಂಬೆ ಉಪ್ಪಿನಂಥ ಹುಳಿ.

ಹೀಗಾಗಿ ಈ ಊರಲ್ಲಿ ಪರಿಸರಸ್ನೇಹಿ ಸ್ವಚ್ಛತಾ ಉದ್ಯಮ ಶುರು ಮಾಡಬೇಕೆನ್ನುವವರು ಹಸಿರು ಚೀಟಿ ಅಂಟಿಸಿದ ಬಾಟಲಿ ಹುಡುಕುವ ಮೊದಲು ಒಂದು ಒಳ್ಳೆಯ ವ್ಯಾಕ್ಯೂಮ್ ಯಂತ್ರ ಕೊಳ್ಳಬೇಕು. ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಅದರಲ್ಲಿರಬೇಕು. ಇಲ್ಲದಿದ್ದರೆ ನೆಲದ ಧೂಳು ಕೆಲಸದವರ ಎದೆಗೂಡಿಗೆ ವರ್ಗವಾಗುತ್ತದೆ, ಅಷ್ಟೆ. ಮೊದಲು ಧೂಳು ಹೀರು, ಆಮೇಲೆ ಒರೆಸು. ನೀರೂ ಉಳಿಯುತ್ತದೆ, ಸೋಪೂ ಉಳಿಯುತ್ತದೆ.

ಒರೆಸುವ ಬಟ್ಟೆಗೆ ದೂರ ಹೋಗಬೇಕಿಲ್ಲ. ಮೈಕ್ರೋಫೈಬರ್ ಬಟ್ಟೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ಚರಂಡಿಗೆ ಬಿಡುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಗೇನು ಕಡಿಮೆ? ಕತ್ತರಿಸಿ ಉಳಿದ ದಪ್ಪ ಹತ್ತಿಯ ಚೂರುಗಳು ಅಲ್ಲಿ ಸಿಗುತ್ತವೆ. ಹೊಸ ಡೆನಿಮ್ ನೀಲಿ ಬಿಡುತ್ತದೆ, ಎರಡು ಮೂರು ಸಲ ನೆನೆಸಿ ಒಗೆದೇ ಬಳಸಬೇಕು; ಬಿಳಿ ಮಾರ್ಬಲ್‌ಗಂತೂ ತಾಗಿಸಬಾರದು. ಲೈಕ್ರಾ ಬೆರೆತ ಚೂರನ್ನು ಬೇರೆ ಇಡಬೇಕು.

ಇನ್ನು ಮೊದಲ ಕೆಲಸ ಯಾವುದು? ನನ್ನನ್ನು ಕೇಳಿದರೆ ಸಂಪು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ತುಂಗಭದ್ರೆಯ ನೀರಿನ ಊರುಗಳು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗ ಎಷ್ಟು ಕಂಗಾಲಾಯಿತೆಂಬುದು ಎಲ್ಲರಿಗೂ ನೆನಪಿದೆ. ಮಳೆಗಾಲದ ಹೊಸ ನೀರು ಹೂಳು ತರುತ್ತದೆ, ಶುದ್ಧೀಕರಣ ದಾಟಿ ಬಂದ ಸಣ್ಣ ಕಣ ಸಂಪಿನ ತಳದಲ್ಲಿ ಪದರ ಪದರವಾಗಿ ನಿಲ್ಲುತ್ತದೆ. ನೆಲ ಒರೆಸಲು ದುಡ್ಡು ಕೊಡಲು ಹಿಂದೆಮುಂದೆ ನೋಡುವ ಮನೆಯವರೂ ಸಂಪಿಗಾದರೆ ಕೊಡುತ್ತಾರೆ, ಯಾಕೆಂದರೆ ಅದು ತಾವೇ ಮಾಡಲಾಗದ ಕೆಲಸ.

ಇಲ್ಲಿ ಹಸಿರು ಎನ್ನುವುದು ತಾರೀಖಿನಲ್ಲಿದೆ. ತುಂಬಿದ ಸಂಪನ್ನು ಮೋಟರು ಹಚ್ಚಿ ಮೋರಿಗೆ ಖಾಲಿ ಮಾಡಿ ಆಮೇಲೆ ಗಿಡಮೂಲಿಕೆ ದ್ರಾವಣದಲ್ಲಿ ತಿಕ್ಕಿದರೆ ಯಾವ ಪರಿಸರ ಉಳಿದಂತಾಯಿತು? ನೀರು ಬಿಡುವ ಹಿಂದಿನ ದಿನ, ಮನೆಯವರು ಬಳಸಿ ಮೊಣಕಾಲಿಗಿಂತ ಕೆಳಗಿಳಿದಾಗ ಹೋಗಬೇಕು. ಉಳಿದ ನೀರು ಬಕೆಟಿಗೆ, ಗಿಡಕ್ಕೆ. ತಳದ ಹೂಳನ್ನು ಹೀರಿ ತೆಗೆದು ತೆಂಗಿನ ಬುಡಕ್ಕೆ ಹಾಕಬಹುದು. ಗೋಡೆಗೆ ಬ್ರಷ್ಷು ಮತ್ತು ಒತ್ತಡದ ನೀರು ಸಾಕು, ಆಸಿಡ್ ಬೇಡ. ಕೊನೆಗೆ ಅಳತೆ ಮಾಡಿದ ಬ್ಲೀಚಿಂಗ್ ಪುಡಿ. ಪರಿಸರಸ್ನೇಹಿ ಎಂದ ಮೇಲೆ ಬ್ಲೀಚಿಂಗ್ ಯಾಕೆ ಎಂದು ಮೂಗು ಮುರಿಯುವವರಿರುತ್ತಾರೆ. ಕುಡಿಯುವ ನೀರಿನ ವಿಷಯದಲ್ಲಿ ಅವರ ಮಾತು ಕೇಳಬಾರದು. ಹಾಗೆಯೇ ಆಸ್ಪತ್ರೆಯ ಕೆಲಸವನ್ನು ಹಣ್ಣಿನ ಸಿಪ್ಪೆಯ ದ್ರಾವಣ ನಂಬಿ ಒಪ್ಪಿಕೊಳ್ಳಬಾರದು. ಅಲ್ಲಿ ಹೈಪೋಕ್ಲೋರೈಟ್ ಬೇಕೇ ಬೇಕು.

ಸಂಪಿಗಿಳಿಯುವ ಮುನ್ನ ಮುಚ್ಚಳ ತೆಗೆದು ಬಹಳ ಹೊತ್ತು ಬಿಡಬೇಕು, ಫ್ಯಾನಿನಿಂದ ಗಾಳಿ ಒಳಗೆ ಹಾಯಿಸಬೇಕು, ಮೋಟರಿನ ಮೇನ್ ಸ್ವಿಚ್ಚೇ ಆರಿಸಬೇಕು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಮೇಲೆ ನಿಂತಿರಲೇಬೇಕು, ಚಹಾಕ್ಕೆಂದು ಕೂಡ ಸರಿಯಬಾರದು.

ಈಗ ಬಾಟಲಿಯ ವಿಷಯ. ಬಚ್ಚಲಿಗೆ ಆಸಿಡ್, ಪಾಯಖಾನೆಗೆ ಫಿನಾಯಿಲ್, ಎರಡರ ನಡುವೆ ಬ್ಲೀಚಿಂಗ್: ಇದು ನಮ್ಮ ಕಡೆಯ ಸಂಪ್ರದಾಯ. ಆಸಿಡ್ಡೂ ಬ್ಲೀಚಿಂಗೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಎರವು. ಆಸಿಡ್ ಬಿಡಿ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲೇ ಕಡಿವಾಣ ಹಾಕಿದೆ. ಡಿಟರ್ಜೆಂಟ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಕಾರಿ, 2015ರಲ್ಲಿ ಬೆಂಕಿಯನ್ನೂ ಹೊತ್ತಿಸಿಕೊಂಡು ತೋರಿಸಿಕೊಟ್ಟಿತು. ಅದೇ ಊರಲ್ಲಿ ಸಹರ್ ಮನ್ಸೂರ್ ಕಟ್ಟಿದ ‘ಬೇರ್ ನೆಸೆಸಿಟೀಸ್’ ತ್ಯಾಜ್ಯವಿಲ್ಲದ ಬದುಕಿನ ಸರಕು ಮಾರಿಯೇ ಹೆಸರು ಮಾಡಿದೆ. ಅಂದರೆ ಕೊಳ್ಳುವವರಿದ್ದಾರೆ. ಆದರೆ ಮಹಾನಗರದ ಗಿರಾಕಿಯೇ ಬೇರೆ, ಕುರುಗೋಡಿನ ಗಿರಾಕಿಯೇ ಬೇರೆ.

ಇಲ್ಲಿ ಅಗ್ಗವಾಗಿ ಮಾಡಿಕೊಳ್ಳಬಹುದಾದದ್ದು ಬಯೋಎಂಜೈಮ್. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಜ್ಯೂಸ್ ಅಂಗಡಿಗಳ ಮೋಸಂಬಿ ಸಿಪ್ಪೆ ಕೇಳಿದರೆ ಸಂತೋಷದಿಂದಲೇ ಕೊಡುತ್ತಾರೆ. ಗಾಜಿನ ಬಾಟಲಿ ಬೇಡ; ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ನಲವತ್ತು ಡಿಗ್ರಿಯ ನಮ್ಮ ಬಿಸಿಲಲ್ಲಿ ಡಬ್ಬಿ ಸಿಡಿಯುತ್ತದೆ. ದೀಪಾವಳಿ ಗಿರಾಕಿಗೆ ಬೇಕೆಂದರೆ ಆಷಾಢದಲ್ಲೇ ಹಾಕಿರಬೇಕು.

ಇದನ್ನು ಎಲ್ಲ ಕಡೆ ಸುರಿಯುವಂತಿಲ್ಲ. ಬಳ್ಳಾರಿ ಸೀಮೆಯ ಹಳೆಯ ಮನೆಗಳಲ್ಲಿ ಕಡಪ ಕಲ್ಲಿನ ನೆಲ. ಕಡಪ ಎಂದರೆ ಸುಣ್ಣದ ಕಲ್ಲು, ಹುಳಿ ತಾಗಿದರೆ ಹೊಳಪು ಹೋಗಿ ಬೆಳ್ಳಗೆ ಮಂಕಾಗುತ್ತದೆ. ಆ ಹುಳಿ ಕಾರ್ಖಾನೆಯ ಆಸಿಡ್ಡೇ ಆಗಬೇಕೆಂದಿಲ್ಲ. ನಿಂಬೆಯೂ ಅಷ್ಟೆ, ಬಯೋಎಂಜೈಮೂ ಅಷ್ಟೆ. ನೈಸರ್ಗಿಕ ಅಂದಮಾತ್ರಕ್ಕೆ ನೆಲ ಕ್ಷಮಿಸುವುದಿಲ್ಲ. ಬಚ್ಚಲ ನಲ್ಲಿಗೆ ಕಟ್ಟಿದ ಬಿಳಿ ಪದರಕ್ಕೆ ಅದೇ ಹುಳಿ ಒಳ್ಳೆಯದು, ಕಡಪಕ್ಕೆ ನೀರು ಮತ್ತು ಒಂದಿಷ್ಟು ಸೌಮ್ಯ ಸೋಪು. ಬೋರಿನ ಗಡಸು ನೀರಿರುವ ಕಡೆ ಸಾದಾ ಸೋಪು ನೊರೆ ಬರದೆ ಗಸಿಯಾಗುತ್ತದೆ. ಅಂಟುವಾಳಕ್ಕೆ ಆ ತೊಂದರೆ ಇಲ್ಲ.

ಸಿರುಗುಪ್ಪದ್ದು ಇನ್ನೊಂದು ಸಂಪತ್ತು, ರೈಸ್ ಮಿಲ್ಲುಗಳ ಹೊಟ್ಟು. ನೂರು ಕಿಲೋ ಭತ್ತಕ್ಕೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು, ಅದು ಉರಿದರೆ ಸುಮಾರು ನಾಲ್ಕು ಕಿಲೋ ಬೂದಿ. ಬೂದಿಯಲ್ಲಿ ಬಹುಪಾಲು ಸಿಲಿಕಾ. ಅಜ್ಜಿಯರು ಪಾತ್ರೆ ತಿಕ್ಕಿದ್ದು ಇದರಲ್ಲೇ. ಹಾಗಂತ ಮಿಲ್ಲಿನ ಬಾಯ್ಲರ್ ಬೂದಿಯನ್ನು ಚೀಲಕ್ಕೆ ತುಂಬಿ ‘ಸಾಂಪ್ರದಾಯಿಕ ಪಾತ್ರೆಪುಡಿ’ ಎಂದು ಮಾರಲು ಹೊರಡಬೇಡಿ. ತೀರಾ ಹೆಚ್ಚಿನ ಶಾಖದಲ್ಲಿ ಉರಿದ ಹೊಟ್ಟಿನಲ್ಲಿ ಸಿಲಿಕಾ ಹರಳುಗಟ್ಟುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಹಾನಿ. ಒಲೆಯ ಬೂದಿ ಬೇರೆ, ಬಾಯ್ಲರ್ ಬೂದಿ ಬೇರೆ.

ದುಡ್ಡು ಯಾವಾಗ ಬರುತ್ತದೆ? ಸಿರುಗುಪ್ಪದಲ್ಲಿ ಭತ್ತ ಮಾರಿದ ಮೇಲೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆಗೆ ಮುಂಚೆ, ಮನೆ ಮನೆಯಲ್ಲಿ ಸುಣ್ಣ ಬಣ್ಣ ನಡೆಯುವಾಗ. ತಿಂಗಳ ಕರಾರಿನ ಕೆಲಸ ಬೇಕೆಂದರೆ ಬಳ್ಳಾರಿಯೇ ಗತಿ: ಕ್ಲಿನಿಕ್ಕಿನ ಹೊರಾಂಗಣ, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟು. ಮಾಳಿಗೆಯ ಸೋಲಾರ್ ಫಲಕಗಳನ್ನು ಮರೆಯಬಾರದು. ಧೂಳು ಕೂತಷ್ಟೂ ಕರೆಂಟು ಕಡಿಮೆ. ನಸುಕಿನಲ್ಲಿ ಫಲಕ ತಣ್ಣಗಿರುವಾಗ ಮೆತ್ತನೆ ಬ್ರಷ್ಷಿನಿಂದ ಒಣಗಿದ್ದಂತೆಯೇ ಗುಡಿಸಿ, ಆಮೇಲೆ ಸ್ವಲ್ಪವೇ ಸ್ವಲ್ಪ ನೀರು. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡುವ ಭಯ.

ಕಾಗದಪತ್ರ ದೊಡ್ಡ ಕಷ್ಟವಲ್ಲ. ಉದ್ಯಮ್ ನೋಂದಣಿ ಉಚಿತ. ಮುದ್ರಾದ ಶಿಶು ಸಾಲ 50,000 ರೂಪಾಯಿವರೆಗೆ. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ. ಎಚ್ಚರ ಬೇಕಾದ್ದು ಬೋರ್ಡಿನ ಮೇಲೆ ಏನು ಬರೆಸುತ್ತೀರಿ ಎಂಬಲ್ಲಿ. ಸುಳ್ಳು ಹಸಿರು ಪ್ರಚಾರದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ‘ಶೇ 100 ಪರಿಸರಸ್ನೇಹಿ’ ಎಂದು ಬರೆಸಿದರೆ ಆಧಾರ ಕೇಳುವ ಹಕ್ಕು ಗಿರಾಕಿಗಿದೆ. ಯಾವ ದ್ರಾವಣ, ಎಷ್ಟು ನೀರು ಎಂದು ಬಿಲ್ಲಿನಲ್ಲೇ ಬರೆದುಕೊಡುವುದು ಲೇಸು.

ಸಂಪು ತೊಳೆಯುತ್ತಾರಂತೆ ಎಂದು ಸುದ್ದಿ ಹಬ್ಬಿದ ಕೂಡಲೇ ಇನ್ನೊಂದು ಫೋನು ಬಂದೇ ಬರುತ್ತದೆ: ‘ಪಿಟ್ ತುಂಬೇದ, ಇಳಿಯೋರು ಅದಾರೇನ್ರೀ?’ ದುಪ್ಪಟ್ಟು ಕೊಡುತ್ತೇವೆ ಎಂದೂ ಹೇಳುತ್ತಾರೆ. ಕೋಲಾರ ಚಿನ್ನದ ಗಣಿಯಲ್ಲಿ ಮಲ ಬಾಚುತ್ತಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಕೆಲಸದ ವಿರುದ್ಧ ದಶಕಗಳ ಕಾಲ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪಡೆದರು. ರಕ್ಷಣಾ ಸಾಧನವಿಲ್ಲದೆ ಪಿಟ್ಟಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆ ಫೋನಿಗೆ ಕೊಡಬೇಕಾದ ಉತ್ತರ ಒಂದೇ, ಹೀರುವ ಯಂತ್ರದ ಗಾಡಿ ಕರೆಸಿಕೊಳ್ಳಲು ಸಹಾಯವಾಣಿ ಸಂಖ್ಯೆ: 14420.