ಊರು ಬದಲಾದರೆ ಕೇಕು ಕುಸಿಯುತ್ತದೆ

ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೈಕೊಡದಿದ್ದ ಕೇಕು, ಅಮೆರಿಕದ ಡೆನ್ವರ್‌ಗೆ ಹೋದ ಮೊದಲ ತಿಂಗಳೇ ನಮ್ಮತ್ತಿಗೆಗೆ ಕೈಕೊಟ್ಟಿತು. ಓವನ್ನಿನೊಳಗೆ ಅದು ಟಿನ್ನಿನ ಅಂಚು ಮುಟ್ಟುವಷ್ಟು ಉಬ್ಬಿತಂತೆ; ನೋಡನೋಡುತ್ತಲೇ ನಡುಭಾಗ ತಟ್ಟೆಯ ಹಾಗೆ ತಗ್ಗಿಹೋಯಿತು. ಅವರು ಮೈದಾ ಬದಲಿಸಿದರು, ಬೆಣ್ಣೆ ಬದಲಿಸಿದರು. ತಪ್ಪು ಅವುಗಳದ್ದಲ್ಲ, ಊರಿನದು.

ಡೆನ್ವರ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಲತಡಿಗಿಂತ ಹೆಚ್ಚುಕಡಿಮೆ ಆರನೇ ಒಂದು ಪಾಲು ಕಡಿಮೆ. ನೀರು 95 ಡಿಗ್ರಿಗೇ ಕುದಿಯುತ್ತದೆ. (ಬೆಂಗಳೂರೂ 900 ಮೀಟರ್ ಮೇಲಿದೆ, ಇಲ್ಲಿ 97. ಅಷ್ಟನ್ನು ಕೇಕು ಹೇಗೋ ತಡೆದುಕೊಳ್ಳುತ್ತದೆ.) ಊಟಿ ಘಾಟಿ ಹತ್ತುವಾಗ ಚಿಪ್ಸ್ ಪೊಟ್ಟಣ ದಿಂಬಿನಂತೆ ಉಬ್ಬುವುದನ್ನು ಕಂಡಿದ್ದೀರಲ್ಲ? ಕಲಸಿದ ಹಿಟ್ಟಿನ ಒಂದೊಂದು ಗುಳ್ಳೆಯೂ ಅಂಥದೇ ಪೊಟ್ಟಣ.

ಗುಳ್ಳೆ ಹಿಗ್ಗಿಸುವುದು ಬೇಕಿಂಗ್ ಪೌಡರಿನ ಕಾರ್ಬನ್ ಡೈಆಕ್ಸೈಡ್ ಮತ್ತು ಹಬೆಯ ಕೆಲಸ. ಅದರ ಸುತ್ತ ಗೋಡೆ ಕಟ್ಟುವುದು ಬಿಸಿಗೆ ಗಟ್ಟಿಯಾಗುವ ಮೊಟ್ಟೆ ಮತ್ತು ಮೈದಾದ ಪಿಷ್ಟ. ಎರಡೂ ಜೊತೆಜೊತೆಗೆ ಸಾಗಬೇಕು. ಎತ್ತರದ ಊರಿನಲ್ಲಿ ಒತ್ತಿ ಹಿಡಿಯುವ ಗಾಳಿ ತೆಳು, ಹಾಗಾಗಿ ಗುಳ್ಳೆ ಅವಸರ ಮಾಡುತ್ತದೆ. ಗೋಡೆ ಇನ್ನೂ ಹಸಿಯಿರುವಾಗಲೇ ಒಡೆಯುತ್ತದೆ. ಸಕ್ಕರೆಯದು ಬೇರೆ ತಕರಾರು: ನೀರು ಬೇಗ ಆರಿ ಅದು ಗಾಢವಾಗುತ್ತದೆ, ಗಾಢವಾದಷ್ಟೂ ಗೋಡೆ ಗಟ್ಟಿಯಾಗಲು ಇನ್ನಷ್ಟು ಬಿಸಿ ಕೇಳುತ್ತದೆ. ಓವನ್ ಎಷ್ಟೇ ಕಾದಿದ್ದರೂ ಒದ್ದೆ ಹಿಟ್ಟಿನ ಒಳಗು ನೀರಿನ ಕುದಿಬಿಂದುವನ್ನು ದಾಟುವುದಿಲ್ಲ ಎಂಬುದೂ ನೆನಪಿರಲಿ.

ಅತ್ತಿಗೆ ಕೊನೆಗೆ ಹಿಡಿದ ಹದ ಇದು: ಒಂದು ಚಮಚ ಬೇಕಿಂಗ್ ಪೌಡರಿಗೆ ಕಾಲು ಚಮಚ ಕಡಿತ, ಒಂದು ಕಪ್ ಸಕ್ಕರೆಗೆ ಒಂದು ದೊಡ್ಡ ಚಮಚ ಕಡಿತ, ಹಾಲು ಎರಡು ದೊಡ್ಡ ಚಮಚ ಜಾಸ್ತಿ. ಗೋಡೆ ಬೇಗ ಗಟ್ಟಿಯಾಗಲೆಂದು ಓವನ್ನಿಗೆ ಹತ್ತು ಡಿಗ್ರಿ ಹೆಚ್ಚು ಕಾವು, ಸಮಯ ಐದಾರು ನಿಮಿಷ ಕಡಿಮೆ. ಮೊಟ್ಟೆಯ ಬಿಳಿಯನ್ನು ನೊರೆ ಬಿಗಿಯಾಗಿ ನಿಲ್ಲುವ ತನಕ ಕಡೆಯುವಂತಿಲ್ಲ. ತುದಿ ಮೆತ್ತಗೆ ಬಾಗಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಗುಳ್ಳೆಗೆ ಹಿಗ್ಗಲು ಜಾಗ ಉಳಿಯುವುದು ಆಗಲೇ.

ಹೋದ ಸಲ ರಜೆಗೆ ಬಂದಾಗ ಅಭ್ಯಾಸಬಲದಿಂದ ಅದೇ ಡೆನ್ವರ್ ಅಳತೆಯಲ್ಲಿ ಕೇಕು ಮಾಡಿದರು. ಸರಿಯಾಗಿ ಉಬ್ಬಲಿಲ್ಲ. ಬರ್ಫಿಯ ಹಾಗೆ ಚೌಕ ಚೌಕ ಕತ್ತರಿಸಿ, ಕಾಫಿಯ ಜೊತೆ ತಿಂದು ಮುಗಿಸಿದೆವು.