ಅರಿಶಿನ ಒಳ್ಳೆಯದು ಸರಿ, ಕ್ಯಾನ್ಸರ್‌ಗೆ ಮದ್ದೇ?

ಮಗು ಬಿದ್ದು ಮಂಡಿ ತರಚಿಕೊಂಡರೆ ಅರಿಶಿನ, ಗಂಟಲು ಕೆಟ್ಟರೆ ಅರಿಶಿನದ ಹಾಲು, ಮುಖಕ್ಕೆ ಕಡಲೆಹಿಟ್ಟಿನ ಜತೆ ಚಿಟಿಕೆ ಅರಿಶಿನ. ಒಗ್ಗರಣೆ ಡಬ್ಬಿಯಲ್ಲಿ ಅದಿಲ್ಲದಿದ್ದರೆ ನಮಗೆ ನಡೆಯೋದೇ ಇಲ್ಲ. ಈಗ ಅದು ಮಾತ್ರೆಯಾಗಿ ಮೆಡಿಕಲ್ ಶಾಪ್‌ಗೂ ಬಂದಿದೆ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ನೆಂಟರಿಷ್ಟರು ಹೇಳುವುದೂ ಅದನ್ನೇ: ‘ಅರಿಶಿನ ಕೊಡಿ, ಗಡ್ಡೆ ಕರಗುತ್ತೆ.’ ಈ ಮಾತಿನಲ್ಲಿ ಎಷ್ಟು ನಿಜ?

ಸಂಶೋಧನೆ ಏನನ್ನುತ್ತೆ?

ಅರಿಶಿನದ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ಅಂಶ. ನಮ್ಮ ದೇಹದ ಜೀವಕೋಶಗಳು ಹಳೆಯದಾದಾಗ ಅಥವಾ ಕೆಟ್ಟಾಗ ತಾವಾಗಿಯೇ ಸಾಯುತ್ತವೆ. ಕ್ಯಾನ್ಸರ್ ಕೋಶಗಳು ಈ ಶಿಸ್ತಿಗೆ ಬಗ್ಗದೆ ಬೆಳೆಯುತ್ತಲೇ ಹೋಗುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಇಂಥ ಕೋಶಗಳಿಗೆ ಕರ್ಕ್ಯುಮಿನ್ ಹಾಕಿದಾಗ ಬೆಳವಣಿಗೆ ಕುಂಠಿತವಾಗಿದೆ. ಕೋಶ ಬದುಕುಳಿಯಲು ನೆರವಾಗುವ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನನ್ನು ಅದು ತಡೆಯುತ್ತದೆ. ಆಗ ಕೋಶ ಸಾಯತೊಡಗುತ್ತದೆ. ‘ಹಾಗಾದ್ರೆ ರೋಗ ವಾಸಿಯಾಗಬೇಕಲ್ಲ?’ ಅಂತೀರಾ?

ತಟ್ಟೆ ಬೇರೆ, ಹೊಟ್ಟೆ ಬೇರೆ

ನೂರು ಗ್ರಾಂ ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3 ಗ್ರಾಂ ಮಾತ್ರ. ನುಂಗಿದ್ದರಲ್ಲಿ ಹೆಚ್ಚಿನದು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಸೇರಿದ ಚೂರನ್ನೂ ಲಿವರ್ ಬೇಗನೆ ಮಾರ್ಪಡಿಸಿಬಿಡುತ್ತದೆ. ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದ ರೋಗಿಗಳ ರಕ್ತದಲ್ಲೂ ಸಿಕ್ಕಿದ್ದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟಾಯಿತು. ಆದರೆ ಮೊದಲೇ ಅತ್ಯಲ್ಪ, ಅದರ 20 ಪಟ್ಟು ಅಂದರೂ ಅಷ್ಟಕ್ಕಷ್ಟೇ. ಕರ್ಕ್ಯುಮಿನ್ ನುಂಗಿ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ.

ಕೀಮೋ ನಡೆಯುವಾಗ ಎಚ್ಚರ

2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಡಾಕ್ಸೋರುಬಿಸಿನ್‌ನಂಥ ಕೀಮೋ ಔಷಧದಿಂದ ಸಾಯಬೇಕಿದ್ದ ಸ್ತನ ಕ್ಯಾನ್ಸರ್ ಕೋಶಗಳು ಕರ್ಕ್ಯುಮಿನ್ ಇದ್ದಾಗ ಕಡಿಮೆ ಸತ್ತವು! ಇಲಿಗಳಲ್ಲಿ ಗಡ್ಡೆ ಕುಗ್ಗುವುದಕ್ಕೂ ಅಡ್ಡಿಯಾಯಿತು. ಬೇರೆ ಪ್ರಯೋಗಗಳಲ್ಲಿ ಔಷಧಕ್ಕೆ ನೆರವಾದದ್ದೂ ಉಂಟು. ಯಾವಾಗ ನೆರವು, ಯಾವಾಗ ಅಡ್ಡಿ ಎಂದು ನಾವು ಮನೆಯಲ್ಲಿ ಕೂತು ನಿರ್ಧರಿಸಲಾಗದು.

ಹಾಗಂತ ಗಿಡದಿಂದ ಕ್ಯಾನ್ಸರ್ ಮದ್ದು ಬರಲ್ವೇ? ಬರುತ್ತೆ. ಅಂಗಳದ ನಿತ್ಯಪುಷ್ಪದಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಇಂದಿಗೂ ಮುಖ್ಯ ಔಷಧ. ಅದು ಕೋಶ ಎರಡಾಗಿ ಒಡೆಯುವುದನ್ನೇ ತಡೆಯುತ್ತದೆ. ಆದರೆ ಅದು ಶುದ್ಧೀಕರಿಸಿ, ಅಳೆದು, ರಕ್ತನಾಳಕ್ಕೆ ಕೊಡುವ ಮದ್ದು. ಅದೇ ಗಿಡದ ಎಲೆ ಅರೆದು ಕುಡಿದರೆ ವಿಷ.

ಇದು ನೆನಪಿರಲಿ

* ಸಾರು, ಪಲ್ಯಕ್ಕೆ ಎಂದಿನಂತೆ ಅರಿಶಿನ ಹಾಕಿ. ಅದಕ್ಕೆ ಹೆದರಬೇಕಿಲ್ಲ.

* ಕೀಮೋ ನಡೆಯುತ್ತಿದ್ದರೆ ಕರ್ಕ್ಯುಮಿನ್ ಮಾತ್ರೆ ಶುರುಮಾಡುವ ಮುನ್ನ ಡಬ್ಬಿಯನ್ನೇ ಒಯ್ದು ವೈದ್ಯರಿಗೆ ತೋರಿಸಿ.

* ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಕೇಳದೆ ತಗೋಬೇಡಿ.

* ಪೈಪರಿನ್ ಬೆರೆತ ಮಾತ್ರೆಯಿಂದ ಕೆಲವರ ಲಿವರ್‌ಗೆ ತೊಂದರೆಯಾಗಿದೆ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ತಕ್ಷಣ ನಿಲ್ಲಿಸಿ, ವೈದ್ಯರನ್ನು ಕಾಣಿ.

* ಸ್ತನದಲ್ಲಿ ಗಂಟು ಕಂಡರೆ ಅರಿಶಿನದ ಪಟ್ಟು ಹಾಕುತ್ತಾ ದಿನ ದೂಡಬೇಡಿ. ಬೇಗ ಪತ್ತೆಯಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.