ಸಣ್ಣ ಪಟ್ಟಣದ ಅಭ್ಯಾಸದಲ್ಲಿ ಊರವರ ಪಾತ್ರ: ಅಣ್ಣಿಗೇರಿಯನ್ನು ಕುರಿತು ಕೆಲವು ವಿಚಾರಗಳು

ನಗರಾಭಿವೃದ್ಧಿಯ ಅಭ್ಯಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ದೃಷ್ಟಿಯು ಬೆಂಗಳೂರಿನತ್ತ, ಹೆಚ್ಚೆಂದರೆ ಹುಬ್ಬಳ್ಳಿ-ಧಾರವಾಡದತ್ತ ಹೊರಳುತ್ತದೆ. ಇದು ಸ್ವಾಭಾವಿಕವಾದರೂ ಇದರಿಂದ ಒಂದು ದೊಡ್ಡ ಕೊರತೆ ಉಳಿದಿದೆ. ಕರ್ನಾಟಕದಲ್ಲಿ 20,000ಕ್ಕೆ ಮೇಲ್ಪಟ್ಟು 50,000ವನ್ನು ಮೀರದ ಜನಸಂಖ್ಯೆಯುಳ್ಳ ಪಟ್ಟಣಗಳು ಪುರಸಭೆಯ ಆಡಳಿತಕ್ಕೆ ಒಳಪಡುತ್ತವೆ. ಇಂಥ ಊರುಗಳು ಹಳ್ಳಿಯನ್ನು ಅಭ್ಯಸಿಸುವವರಿಗೆ ನಗರದಂತೆಯೂ ನಗರವನ್ನು ಅಭ್ಯಸಿಸುವವರಿಗೆ ಹಳ್ಳಿಯಂತೆಯೂ ತೋರಿ, ಇಬ್ಬರ ಅಲಕ್ಷ್ಯಕ್ಕೂ ಗುರಿಯಾಗಿವೆ. ಕ್ಷೇತ್ರಾಭ್ಯಾಸಕ್ಕೆಂದು ವಿದ್ಯಾರ್ಥಿಗಳ ತಂಡವೊಂದು ಇಂಥ ಊರಿಗೆ ಹೋದಾಗ, ಅಲ್ಲಿಯ ಜನರೊಡನೆ ಕೂಡಿ ಕೆಲಸ ಮಾಡುವುದೆಂದರೇನು, ಅದರಿಂದ ದೊರೆತ ತಿಳಿವಳಿಕೆ ಯಾರದು ಎಂಬ ಎರಡು ಪ್ರಶ್ನೆಗಳನ್ನು ಅಣ್ಣಿಗೇರಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವೇಚಿಸಲಾಗುವುದು.

ಅಣ್ಣಿಗೇರಿಯು ಹುಬ್ಬಳ್ಳಿ-ಗದಗ ಹೆದ್ದಾರಿಯ ಮೇಲೆ, ಎರೆಭೂಮಿಯ ನಡುವೆ ಇದೆ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆಯು 28,000ಕ್ಕೆ ತುಸು ಮೇಲಿತ್ತು. ಬಹುಕಾಲ ನವಲಗುಂದ ತಾಲೂಕಿಗೆ ಸೇರಿದ್ದ ಈ ಊರು 2018ರಲ್ಲಿ ತಾನೇ ತಾಲೂಕಿನ ಮುಖ್ಯಸ್ಥಳವಾಯಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಬೆಳ್ವೊಲ-300ರ ರಾಜಧಾನಿಯೆಂದೂ, ಆದಿಕವಿ ಪಂಪನ ತಾಯಿಯ ತವರೂರೆಂದೂ, ಕಲ್ಯಾಣ ಚಾಲುಕ್ಯರ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನು ಕೆಲಕಾಲ ಆಳಿದ ಸ್ಥಳವೆಂದೂ ಪರಿಚಿತ. ನಗರವನ್ನು ಅಭ್ಯಸಿಸುವವನಿಗೆ ಬೇಕಾದ ಅಣ್ಣಿಗೇರಿ ಮಾತ್ರ ಬೇರೆಯದು. ನೀರು ಯಾವ ಓಣಿಗೆ ಯಾವಾಗ ಬರುತ್ತದೆ, ಗಟಾರದ ನೀರು ಎತ್ತ ಹರಿದು ಎಲ್ಲಿ ನಿಲ್ಲುತ್ತದೆ, ಹಳೆಯ ಮಾಳಿಗೆಯ ಮನೆಯನ್ನು ಕೆಡವಿ ಕಟ್ಟುವಾಗ ಯಾರ ಅಪ್ಪಣೆ ಬೇಕು ಎಂಬಂಥ ಸಂಗತಿಗಳಿಂದ ಕೂಡಿದ ಊರು ಅದು. ಇವುಗಳಲ್ಲಿ ಕಡತದಲ್ಲಿರುವುದು ಸ್ವಲ್ಪ. ಜನರ ನೆನಪಿನಲ್ಲಿಯೂ ದಿನಚರಿಯಲ್ಲಿಯೂ ಇರುವುದೇ ಬಹಳ.

ಈ ಬಗೆಯ ಅಭ್ಯಾಸಕ್ಕೆ ನಮ್ಮ ಭಾಗದಲ್ಲಿ ಪೂರ್ವಪರಂಪರೆ ಇಲ್ಲದಿಲ್ಲ. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ವಿದ್ವಾಂಸ ಪ್ಯಾಟ್ರಿಕ್ ಗೆಡ್ಡಿಸ್, ಧಾರವಾಡವೂ ಆಗ ಸೇರಿದ್ದ ಮುಂಬಯಿ ಪ್ರಾಂತದ ಹಲವು ಪಟ್ಟಣಗಳನ್ನು 1915ರಲ್ಲಿ ನೋಡಿ ವರದಿಗಳನ್ನು ಬರೆದನು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದನು. ಹಳೆಯ ಓಣಿಗಳನ್ನು ಸೀಳಿ ನೆಟ್ಟಗಿನ ರಸ್ತೆಗಳನ್ನು ಹಾಕುವ ಅಂದಿನ ಎಂಜಿನಿಯರರ ರೂಢಿಯನ್ನು ಅವನು ಒಪ್ಪಲಿಲ್ಲ. ಮೊದಲು ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿ ತಿಳಿಯಬೇಕು, ಅನಂತರ ಯೋಜನೆ. ಚಿಕಿತ್ಸೆಗಿಂತ ಮುಂಚೆ ರೋಗನಿದಾನ ಎಂಬುದು ಅವನ ಮತ. ಕರ್ನಾಟಕ ವಿಶ್ವವಿದ್ಯಾಲಯವು 1959ರಲ್ಲಿ ಪ್ರಕಟಿಸಿದ, ಹುಬ್ಬಳ್ಳಿಯ ಆರ್ಥಿಕ ಜೀವನವನ್ನು ಕುರಿತ ಬಿ. ಆರ್. ಢೇಕಣೆಯವರ ಗ್ರಂಥವು ನಮ್ಮದೇ ನೆರೆಯಲ್ಲಿ ನಡೆದ ನಗರಾಧ್ಯಯನ. ಅಂಥ ಗ್ರಂಥಗಳ ಬೆಲೆ ಕಾಲ ಕಳೆದಂತೆ ಹೆಚ್ಚುತ್ತದೆ. ಆದರೆ ಆ ಕಾಲದ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಊರವನು ಉತ್ತರ ಕೊಡುವವನು ಮಾತ್ರ. ಪ್ರಶ್ನೆಯನ್ನು ರೂಪಿಸುವುದರಲ್ಲಿ ಅವನಿಗೆ ಪಾಲಿರಲಿಲ್ಲ. ನಮ್ಮ ಕಾಲೇಜುಗಳ ಕ್ಷೇತ್ರಾಭ್ಯಾಸವು ಬಹುಮಟ್ಟಿಗೆ ಇಂದಿಗೂ ಅಲ್ಲಿಯೇ ನಿಂತಿದೆಯೆಂದು ಹೇಳಬೇಕಾಗಿದೆ.

ಅಣ್ಣಿಗೇರಿಯ ವಿಷಯಕ್ಕೆ ಬರುವ ಮುನ್ನ ಹುಬ್ಬಳ್ಳಿಯಲ್ಲಿಯೇ ಈಚೆಗೆ ನಡೆದ ಒಂದು ಪ್ರಯತ್ನವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಊರವರೊಡನೆ ಕೆಲಸ ಮಾಡಹೊರಟ ವಿದ್ಯಾರ್ಥಿಗಳು ಏನನ್ನು ಸಾಧಿಸಬಲ್ಲರು, ಎಲ್ಲಿ ಎಡವಬಲ್ಲರು ಎಂಬೆರಡೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಹುಬ್ಬಳ್ಳಿ-ಧಾರವಾಡದ ಬಹುಭಾಗದಲ್ಲಿ ನಳದ ನೀರು ಕೆಲವು ದಿನಗಳಿಗೊಮ್ಮೆ, ಅದೂ ಕೆಲವೇ ತಾಸು ಬರುತ್ತಿತ್ತು. ವಿಶ್ವ ಬ್ಯಾಂಕಿನ ನೆರವಿನ ಯೋಜನೆಯೊಂದರ ಮೇರೆಗೆ 2008ರ ಸುಮಾರಿಗೆ 67 ವಾರ್ಡುಗಳ ಪೈಕಿ 8ರಲ್ಲಿ ಮಾತ್ರ ಹಗಲಿರುಳೂ ನೀರು ಬರುವ ವ್ಯವಸ್ಥೆಯಾಯಿತು. ಒಂದೇ ಊರಿನಲ್ಲಿ ಎರಡು ಬಗೆಯ ನೀರು ಇದ್ದುದರಿಂದ ಹೋಲಿಕೆಗೆ ಅನುಕೂಲವಾಗಿ, ಅಮೆರಿಕೆಯ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ಇಲ್ಲಿಗೆ ಬಂದರು. 2010ರಿಂದ 2012ರವರೆಗೆ ಅವರು 3,922 ಮನೆಗಳನ್ನು ಮತ್ತೆ ಮತ್ತೆ ಸಂದರ್ಶಿಸಿದರು. ಸತತವಾಗಿ ನೀರು ಬರುವ ನಳಗಳಲ್ಲಿ ಮಲಜನ್ಯ ಸೂಕ್ಷ್ಮಜೀವಿಗಳು ಕಂಡುಬಂದುದು ತೀರ ವಿರಳ. ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ಸುಮಾರು ಮೂರು ಮಾದರಿಗಳಿಗೊಂದರಂತೆ ಅವು ಸಿಕ್ಕವು. ಆದರೂ ಐದು ವರ್ಷದೊಳಗಿನ ಮಕ್ಕಳ ಅತಿಸಾರದಲ್ಲಿ ಒಟ್ಟಾರೆಯಾಗಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವಿಷಮಶೀತಜ್ವರವು ಮಾತ್ರ ಸತತ ನೀರಿನ ವಾರ್ಡುಗಳಲ್ಲಿ ಕಡಿಮೆಯೆಂದು ಕಂಡಿತು.

ಇನ್ನೊಂದು ಸಂಗತಿ ಇನ್ನಷ್ಟು ವಿಚಾರಾರ್ಹವಾದುದು. ಹಗಲಿರುಳೂ ನೀರು ಬರುವ ಮನೆಗಳಲ್ಲಿಯೂ ಜನರು ಹಂಡೆ-ಕೊಡಗಳಲ್ಲಿ ನೀರು ತುಂಬಿಡುವುದನ್ನು ಬಿಡಲಿಲ್ಲ. ಇದನ್ನು ಅಜ್ಞಾನವೆಂದು ಬರೆದುಕೊಳ್ಳುವುದು ಹೊರಗಿನವನಿಗೆ ಸುಲಭ. ಆದರೆ ದಶಕಗಳ ಕಾಲ ಸರದಿಯ ನೀರನ್ನು ಕಂಡ ಗೃಹಿಣಿಯು ನಳವನ್ನು ಒಮ್ಮೆಲೇ ನಂಬದಿರುವುದು ಅಜ್ಞಾನವಲ್ಲ, ಅನುಭವ. ಪ್ರಶ್ನಾವಳಿಯಲ್ಲಿ ‘ನೀರು ಸಂಗ್ರಹಿಸುವಿರಾ?’ ಎಂಬ ಪ್ರಶ್ನೆಯಿದ್ದರೆ ಸಾಲದು, ‘ಏತಕ್ಕೆ?’ ಎಂಬುದನ್ನು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರಬೇಕು.

ಅದೇ ಕಾಲದಲ್ಲಿ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಒಂದು ಗುಂಪು ‘ನೆಕ್ಸ್ಟ್‌ಡ್ರಾಪ್’ ಎಂಬ ಸೇವೆಯನ್ನು ಹುಬ್ಬಳ್ಳಿಯಲ್ಲಿ ಆರಂಭಿಸಿತು. ಅದರ ಮೂಲಕಲ್ಪನೆ ಸರಳವಾಗಿತ್ತು. ನೀರು ಯಾವಾಗ ಬರುತ್ತದೆಂಬುದು ಮನೆಯವರಿಗೆ ಗೊತ್ತಿಲ್ಲ, ಆದಕಾರಣ ಯಾರಾದರೊಬ್ಬರು ಕೆಲಸ ಬಿಟ್ಟು ಕಾಯಬೇಕು. ಆದರೆ ಓಣಿಯ ವಾಲ್ವನ್ನು ತಿರುವಿ ನೀರು ಬಿಡುವ ನೌಕರನಿಗೆ ಅದು ನಿಶ್ಚಯವಾಗಿ ಗೊತ್ತು. ಅವನು ದೂರವಾಣಿಯಲ್ಲಿ ತಿಳಿಸಿದರೆ ಆ ಓಣಿಯ ಮನೆಗಳಿಗೆ ಮುಂಚಿತವಾಗಿ ಸಂದೇಶ ಹೋಗುವಂತೆ ಏರ್ಪಾಡಾಯಿತು. ಊರಿನ ನೀರಿನ ಜ್ಞಾನವು ಕಚೇರಿಯ ನಕ್ಷೆಯಲ್ಲಿಲ್ಲ, ನೀರು ಬಿಡುವವನ ತಲೆಯಲ್ಲಿದೆ ಎಂದು ಗುರುತಿಸಿದುದೇ ಈ ವಿದ್ಯಾರ್ಥಿಗಳ ನಿಜವಾದ ಸಾಧನೆಯೆಂದು ನಮ್ಮ ಅಭಿಪ್ರಾಯ.

ಮುಂದೆ ಈ ಸೇವೆಯು ಬೆಂಗಳೂರಿಗೆ ಹೋಯಿತು. ಅಲ್ಲಿ ನಡೆಸಿದ ಕ್ಷೇತ್ರಪ್ರಯೋಗದ ಫಲಿತಾಂಶಗಳು 2018ರಲ್ಲಿ ಪ್ರಕಟವಾದವು. ಸಂದೇಶಗಳಿಂದ ಮನೆಯವರ ಆತಂಕ ಸ್ವಲ್ಪ ತಗ್ಗಿತೆಂದೂ, ಕಾಯುವ ಹೊತ್ತು ಮಾತ್ರ ಕಡಿಮೆಯಾಗಲಿಲ್ಲವೆಂದೂ ಅದರಿಂದ ತಿಳಿದುಬಂತು. ಕಾರಣಗಳು ಮುಖ್ಯವಾಗಿ ಎರಡು. ನೀರು ಬಿಡುವ ನೌಕರರು ಪ್ರತಿಸಲವೂ ತಿಳಿಸುತ್ತಿರಲಿಲ್ಲ. ಎರಡನೆಯದು ಗಂಡುಹೆಣ್ಣುಗಳ ಸಂಬಂಧಕ್ಕೆ ಸೇರಿದುದು: ನೀರಿಗಾಗಿ ಕಾಯುವವಳು ಹೆಂಗಸು, ಸಂದೇಶ ಬರುವ ದೂರವಾಣಿ ಅನೇಕ ವೇಳೆ ಗಂಡಸಿನ ಜೇಬಿನಲ್ಲಿ. ಜ್ಞಾನ ಯಾರಲ್ಲಿದೆಯೆಂದು ಕಂಡುಕೊಂಡದ್ದು ಸರಿ. ಅದನ್ನು ಕೊಡುವುದರಿಂದ ಅವನಿಗೇನು ಲಾಭ, ಪಡೆಯಬೇಕಾದವಳಿಗೆ ಅದು ಮುಟ್ಟುವ ದಾರಿ ಯಾವುದು ಎಂಬುದನ್ನು ಮೊದಲೇ ಅಷ್ಟೇ ಎಚ್ಚರದಿಂದ ವಿಚಾರಿಸಬೇಕಾಗಿತ್ತು.

ಅಣ್ಣಿಗೇರಿಗೆ ಹೋಗುವ ತಂಡವು ಈ ಅನುಭವವನ್ನು ಜೊತೆಗೆ ಒಯ್ಯತಕ್ಕದ್ದು. ಅಲ್ಲಿಯ ಮೊದಲ ದಿನವನ್ನು ಪುರಸಭೆಯ ಕಚೇರಿಯಲ್ಲಿ ಅಂಕಿ-ಸಂಖ್ಯೆ ಬರೆದುಕೊಳ್ಳುವುದರಲ್ಲಿ ಕಳೆಯುವುದು ವಾಡಿಕೆ. ಅದರ ಬದಲು ನೀರು ಬಿಡುವವರೊಡನೆ ಬೆಳಗಿನ ಜಾವದಿಂದ ಓಡಾಡಿ, ಯಾವ ವಾಲ್ವಿನ ನೀರು ಯಾವ ಓಣಿಗೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಗುರುತುಹಾಕಿಕೊಳ್ಳುವುದು ಮೇಲು. ಆಮೇಲೆ ಅದೇ ಓಣಿಗಳ ಹೆಂಗಸರನ್ನು ಕೇಳಿದರೆ ಎರಡು ಹೇಳಿಕೆಗಳಿಗೂ ಅಲ್ಲಲ್ಲಿ ತಾಳೆಯಾಗದು. ತಾಳೆಯಾಗದ ಸ್ಥಳಗಳೇ ಅಭ್ಯಾಸಕ್ಕೆ ಯೋಗ್ಯವಾದ ಸ್ಥಳಗಳು: ಅಲ್ಲಿ ನೆಲ ಎತ್ತರವಿದ್ದೀತು, ಕೊಳವೆ ಒಡೆದಿದ್ದೀತು, ಅಥವಾ ಯಾರೋ ಮೋಟರು ಹಚ್ಚಿ ನೀರೆಳೆಯುತ್ತಿದ್ದಾರು. ಮಾತಿನ ವಿಷಯದಲ್ಲಿಯೂ ಒಂದು ಸೂಚನೆ. ಈ ಸೀಮೆಯಲ್ಲಿ ನೀರು ಬಹುವಚನ. ‘ನೀರು ಬಂದಾವು’ ಎನ್ನುತ್ತಾರೆ. ಮೈಸೂರು ಕಡೆಯಿಂದ ಬಂದ ವಿದ್ಯಾರ್ಥಿಯು ಅದನ್ನು ತಿದ್ದಿ ಬರೆದುಕೊಳ್ಳದೆ ಕೇಳಿದಂತೆಯೇ ಬರೆಯಲಿ. ‘ಯಾವ ಸಮಯದಲ್ಲಿ ಜಲಪೂರೈಕೆಯಾಗುತ್ತದೆ?’ ಎಂದು ಓದಿ ಹೇಳುವುದಕ್ಕಿಂತ, ‘ಅವ್ವಾರ, ನಳಾ ಯಾವಾಗ ಬರ್ತಾವ್ರೀ?’ ಎಂದು ಕೇಳಿದರೆ ಬರುವ ಉತ್ತರ ಬೇರೆ.

ನೀರನ್ನು ಬಿಟ್ಟರೆ ಅಣ್ಣಿಗೇರಿಯಲ್ಲಿ ಗಮನಿಸತಕ್ಕ ಮತ್ತೊಂದು ವಿಷಯವು ಅಮೃತೇಶ್ವರ ದೇವಾಲಯದ ಸುತ್ತಣ ವಸತಿ. ಸುಮಾರು 1050ರಲ್ಲಿ ಕಟ್ಟಲಾದ ಈ ದೇವಾಲಯವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ರಕ್ಷಿತ ಸ್ಮಾರಕದಿಂದ 100 ಮೀಟರುಗಳವರೆಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆ 200 ಮೀಟರುಗಳವರೆಗೆ ಅನುಮತಿ ಪಡೆದೇ ಕಟ್ಟಬೇಕು. ಒಳಗಿನ ವಲಯದಲ್ಲಿ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಮಣ್ಣಿನ ಮಾಳಿಗೆಯ ಮನೆಗೆ ಆಗಾಗ ಮಣ್ಣು ಹಾಕಿ, ಗೋಡೆ ಮೆತ್ತಿ ಕಾಪಾಡಿಕೊಳ್ಳಬೇಕಾಗುತ್ತದೆ. ಇಂಥ ಮನೆಯವರಿಗೆ ಈ ಕಾನೂನು ಏನನ್ನು ಕೊಟ್ಟಿತು, ಏನನ್ನು ಕಿತ್ತುಕೊಂಡಿತು ಎಂಬುದನ್ನು ವಿದ್ಯಾರ್ಥಿಗಳು ಸಹಾನುಭೂತಿಯಿಂದ ಕೇಳಬೇಕು. ದೇವಾಲಯವನ್ನು ಕಂಡು ಸಂತೋಷಪಟ್ಟು ಹಿಂತಿರುಗುವ ಪ್ರವಾಸಿಯಿಂದ ನಗರಾಭ್ಯಾಸಿಯು ಬೇರೆಯಾಗುವುದು ಇಲ್ಲಿಯೇ. ಸ್ಮಾರಕದ ರಕ್ಷಣೆ ಬೇಡವೆಂದು ಇದರ ಅರ್ಥವಲ್ಲ. ಆದರೆ 100 ಮೀಟರಿನ ವೃತ್ತವನ್ನು ಓಣಿಯ ನಕ್ಷೆಯ ಮೇಲೆ ಎಳೆದು, ಅದರೊಳಗೆ ಎಷ್ಟು ಒಲೆಗಳು ಉರಿಯುತ್ತವೆಂದು ಎಣಿಸಿ ನೋಡದೆ ಯಾವ ಪಕ್ಷವನ್ನಾದರೂ ವಹಿಸುವುದು ಸರಿಯಲ್ಲ.

ಗಟಾರಗಳ ಮಾತು ಬಂದಾಗ ಅಣ್ಣಿಗೇರಿಯಲ್ಲಿ 2010ರ ನೆನಪು ಬಾರದಿರದು. ಆ ವರ್ಷ ಚರಂಡಿಗಾಗಿ ನೆಲ ಅಗೆದಾಗ ಸಾಲಾಗಿ ನೂರಾರು ಮನುಷ್ಯರ ತಲೆಬುರುಡೆಗಳು ಹೊರಬಂದವು. ಅವು ಯಾವ ಕಾಲದವು, ಯುದ್ಧದವೋ ಬರಗಾಲದವೋ ಎಂಬ ಬಗ್ಗೆ ಹಲವು ಅಭಿಪ್ರಾಯಗಳು ಹೊರಟವು. ಅವುಗಳ ಚರ್ಚೆ ಇಲ್ಲಿ ಅಪ್ರಸ್ತುತ. ಇಷ್ಟು ಹಳೆಯ ಊರಿನಲ್ಲಿ ಎರಡು ಮೊಳ ಅಗೆತವೂ ಇತಿಹಾಸದ ಅಗೆತವಾಗಬಲ್ಲದೆಂಬುದನ್ನು ಮಾತ್ರ ಯೋಜಕನು ಮರೆಯಬಾರದು. ಇನ್ನು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಗಟಾರದ ಗೋಡೆಯೂ ಮನೆಯ ತಳಪಾಯವೂ ಸೀಳುತ್ತವೆ. ಆದ್ದರಿಂದ ಒಂದೇ ಋತುವಿನಲ್ಲಿ, ಅದೂ ಅನುಕೂಲವಾದ ಚಳಿಗಾಲದಲ್ಲಿ, ಮಾಡಿದ ಪ್ರವಾಸವು ಊರಿನ ಅರ್ಧವನ್ನಷ್ಟೇ ತೋರಿಸೀತು.

ಕೊನೆಯದಾಗಿ, ದೊರೆತ ತಿಳಿವಳಿಕೆ ಯಾರದೆಂಬ ಪ್ರಶ್ನೆ. ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ, ವಾರ್ಡು ಸಮಿತಿಗಳು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ ಕಡ್ಡಾಯವಾದವು. ಅಣ್ಣಿಗೇರಿಯಂಥ ಊರುಗಳಿಗೆ ಆ ತಿದ್ದುಪಡಿಯಿಂದ ಅಂಥ ಹಕ್ಕು ಬರಲಿಲ್ಲ. ಓಣಿಯವರು ತಮ್ಮ ಮಾತನ್ನು ಸದಸ್ಯರ ಮನೆಯ ಕಟ್ಟೆಯ ಮೇಲೆ ಹೇಳಿಕೊಳ್ಳಬೇಕು. ಹೀಗಿರುವಾಗ ವಿದ್ಯಾರ್ಥಿಗಳು ಬಿಡಿಸಿದ ನಕ್ಷೆಯು ಕಾಲೇಜಿನ ಕಪಾಟಿನಲ್ಲಿ ಅಂಕಗಳನ್ನು ಪಡೆದು ಮಲಗುವುದು ಅನ್ಯಾಯವೇ ಸರಿ. ತಂಡವು ಯಾವ ಸೌಕರ್ಯವನ್ನೂ ಮಾಡಿಸಿಕೊಡುವೆವೆಂದು ಮಾತು ಕೊಡಬಾರದು, ಅದು ಅದರ ಶಕ್ತಿಯೊಳಗಿನದಲ್ಲ. ಆದರೆ ಹೊರಡುವ ಮುನ್ನ ಓಣಿಯವರನ್ನು ಕೂಡಿಸಿ, ನಕ್ಷೆಯನ್ನು ಗೋಡೆಗೆ ತೂಗುಹಾಕಿ, ತಪ್ಪುಗಳನ್ನು ಅವರಿಂದಲೇ ತಿದ್ದಿಸಬಹುದು. ಆ ಸಭೆಯು ಹೆಂಗಸರಿಗೆ ಬಿಡುವಿರುವ ಹೊತ್ತಿನಲ್ಲಿರಬೇಕು, ನೀರು ಬರುವ ದಿನವಾಗಿರಬಾರದು. ತಿದ್ದಿದ ನಕ್ಷೆಯ ಪ್ರತಿಗಳನ್ನು, ಹೆಸರುಗಳೆಲ್ಲ ಕನ್ನಡದಲ್ಲಿರುವಂತೆ ಮಾಡಿ, ಒಂದನ್ನು ಪುರಸಭೆಗೆ, ಒಂದನ್ನು ಊರಿನ ವಾಚನಾಲಯಕ್ಕೆ, ಒಂದನ್ನು ನೀರು ಬಿಡುವವರಿಗೆ ಕೊಡಬೇಕು. ನೀರಿನ ಸರದಿಯು ಬೇಸಗೆಯಲ್ಲಿ ಬದಲಾಗಬಹುದಾದ್ದರಿಂದ ಅದರ ಮೇಲೆ ತಿಂಗಳು, ವರ್ಷಗಳನ್ನು ಕಾಣಿಸಿರಬೇಕು. ಮುಂದಿನ ವರ್ಷದ ತಂಡವು ಹೊಸ ಪ್ರಶ್ನಾವಳಿಯನ್ನು ಹೊತ್ತುಕೊಂಡು ಹೋಗುವ ಬದಲು ವಾಚನಾಲಯದಲ್ಲಿರುವ ಆ ನಕ್ಷೆಯನ್ನು ಬಿಡಿಸಿ, ಏನೇನು ಬದಲಾಗಿದೆಯೆಂದು ಕೇಳುವುದರಿಂದಲೇ ಕೆಲಸವನ್ನು ಪ್ರಾರಂಭಿಸಬಹುದು.